ಜಪಾನು ದೇಶದ ಪೂರ್ವಚರಿತ್ರೆ: ಗದ್ದೆ, ಕೆರೆ ಮತ್ತು ಸಾಮುರಾಯಿಗಳು

ಜಪಾನು ದೇಶದ ಹೆಸರನ್ನು ಕೇಳಿದೊಡನೆ, ನಡುವಿನಲ್ಲಿ ಎರಡು ಖಡ್ಗಗಳನ್ನು ಸಿಕ್ಕಿಸಿಕೊಂಡಿರುವ ಸಾಮುರಾಯಿ ಎಂಬ ಯೋಧನ ಚಿತ್ರವು ಅನೇಕರ ಕಣ್ಣೆದುರಿಗೆ ಬರುವುದುಂಟು. ಆ ಯೋಧನ ಶೌರ್ಯವನ್ನು ಕುರಿತ ಕಥೆಗಳು ಬೇಕಾದಷ್ಟಿವೆ. ಆದರೆ ಅವನು ಎಲ್ಲಿಂದ ಬಂದವನು, ಅವನ ಅನ್ನವು ಯಾರ ಗದ್ದೆಯಿಂದ ಬರುತ್ತಿದ್ದಿತು ಎಂಬುದನ್ನು ವಿಚಾರಿಸುವವರು ಕಡಮೆ. ಭೂಮಿಯನ್ನು ಹಿಡಿದವರೂ ಗ್ರಾಮದ ಹೊಣೆಯನ್ನು ಹೊತ್ತವರೂ ಆದ ಈ ಪತ್ರಿಕೆಯ ವಾಚಕರಿಗೆ ಆ ವಿಚಾರವೇ ಹೆಚ್ಚು ರುಚಿಸುವುದೆಂದು ಭಾವಿಸಿ, ಜಪಾನಿನ ಚರಿತ್ರೆಯನ್ನು ಆದಿಕಾಲದಿಂದ ಸಾಮುರಾಯಿಗಳ ಅಂತ್ಯದವರೆಗೆ ಗದ್ದೆಯ ಬದುವಿನ ಮೇಲೆ ನಿಂತು ನೋಡಲು ಇಲ್ಲಿ ಪ್ರಯತ್ನಿಸಲಾಗಿದೆ. ಸಾಮುರಾಯಿಯು ಮೂಲದಲ್ಲಿ ಅರಮನೆಯ ಆಳಲ್ಲ. ತಾನು ಬಂಜರು ಕಡಿದು ಸಾಗುವಳಿಗೆ ತಂದ ಭೂಮಿಯು ತನ್ನಲ್ಲಿಯೇ ಉಳಿಯುವುದೆಂಬ ಭರವಸೆಯನ್ನು ಸರ್ಕಾರವು ಕೊಡಲಾರದೆ ಹೋದಾಗ, ಆ ಭರವಸೆಯನ್ನು ಬಿಲ್ಲುಕತ್ತಿಗಳಿಂದ ಸಂಪಾದಿಸಿಕೊಂಡ ಹಿಡುವಳಿದಾರನೇ ಕಾಲಕ್ರಮದಲ್ಲಿ ಸಾಮುರಾಯಿಯಾದನು.

ಆದಿಕಾಲ

ಜಪಾನು ದ್ವೀಪಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಬೆಟ್ಟಗುಡ್ಡಗಳೇ. ಅಲ್ಲಿ ಮನುಷ್ಯರು ನೆಲಸಿ ಮೂವತ್ತು ಸಾವಿರ ವರ್ಷಗಳಿಗೂ ಮೇಲ್ಪಟ್ಟಿದೆ. ಗುನ್ಮಾ ಸೀಮೆಯ ಇವಾಜುಕು ಎಂಬಲ್ಲಿ 1946ರಲ್ಲಿ ಆಯಿಜಾವಾ ತಾದಾಹಿರೋ ಎಂಬ ಸಾಮಾನ್ಯ ವ್ಯಾಪಾರಿಯು ಕೆಮ್ಮಣ್ಣಿನ ಪದರದಲ್ಲಿ ಕಲ್ಲಿನ ಆಯುಧಗಳನ್ನು ಕಾಣುವವರೆಗೆ, ಅಷ್ಟು ಪುರಾತನ ಕಾಲದಲ್ಲಿ ಅಲ್ಲಿ ಜನರಿದ್ದರೆಂದು ವಿದ್ವಾಂಸರು ಒಪ್ಪಿರಲಿಲ್ಲ. ಆಮೇಲಿನ ಜೋಮೋನ್ ಕಾಲದವರು ಹಸಿಮಣ್ಣಿನ ಮೇಲೆ ಹುರಿಯ ಗುರುತನ್ನೊತ್ತಿ ಮಡಕೆಗಳನ್ನು ಮಾಡುತ್ತಿದ್ದರು. ಬೇಟೆ, ಮೀನು, ಕಾಡಿನ ಕಾಯಿಗಳು ಇವರ ಜೀವನಾಧಾರ. ಆದರೂ ಉತ್ತರದ ಸನ್ನಾಯಿ ಮಾರುಯಾಮಾ ಎಂಬ ಊರಿನವರು ಐದು ಸಾವಿರ ವರ್ಷಗಳ ಹಿಂದೆಯೇ ಚೆಸ್ಟ್‌ನಟ್ ಎಂಬ ಕಾಯಿಮರಗಳನ್ನು ಆರೈಕೆಮಾಡಿ ಬೆಳಸುತ್ತಿದ್ದರೆಂದು ಕಂಡುಬರುತ್ತದೆ.

ನೀರು ಕಟ್ಟಿ ಭತ್ತವನ್ನು ಬೆಳೆಯುವ ವಿದ್ಯೆಯು ಕೊರಿಯಾ ಮಾರ್ಗವಾಗಿ ದಕ್ಷಿಣದ ಕ್ಯೂಷೂ ದ್ವೀಪಕ್ಕೆ ಬಂದಿತು. ಇದು ಕ್ರಿಸ್ತಪೂರ್ವ ಸುಮಾರು 900ರ ವೇಳೆಗೆ ಎಂದು ಈಗಿನ ಶೋಧನೆಗಳಿಂದ ತಿಳಿಯಬರುತ್ತದೆ. ಈ ಕಾಲಕ್ಕೆ ಯಾಯೋಯಿ ಕಾಲವೆಂದು ಹೆಸರು. ಷಿಜುಒಕಾ ಪಟ್ಟಣದ ಬಳಿಯ ತೋರೋ ಎಂಬಲ್ಲಿ 1943ರಲ್ಲಿ ಯುದ್ಧದ ಕಾರ್ಖಾನೆಗಾಗಿ ನೆಲವನ್ನು ಅಗೆಯುತ್ತಿದ್ದಾಗ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗದ್ದೆಬಯಲೊಂದು ಹೊರಬಿದ್ದಿತು. ಅಲ್ಲಿಯ ಬದುಗಳು ಕುಸಿಯದಂತೆ ಹಲಗೆಗಳನ್ನೂ ಗೂಟಗಳನ್ನೂ ನೆಟ್ಟಿದ್ದರು. ಮರದ ಗುದ್ದಲಿಗಳೂ, ಕೆಸರಿನಲ್ಲಿ ಕಾಲು ಹೂತುಹೋಗದಂತೆ ತೊಡುವ ಮರದ ಮೆಟ್ಟುಗಳೂ ದೊರೆತವು. ಕಣಜಗಳನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟಿ, ಇಲಿಗಳು ಹತ್ತದಂತೆ ಕಂಬಗಳ ತಲೆಗೆ ಅಗಲವಾದ ಹಲಗೆಯನ್ನು ಸೇರಿಸಿದ್ದರು. ಇಲಿಯ ಕಾಟಕ್ಕೆ ಎರಡು ಸಾವಿರ ವರ್ಷಗಳಲ್ಲಿ ಇದಕ್ಕಿಂತ ಉತ್ತಮವಾದ ಉಪಾಯವು ಹೆಚ್ಚೇನೂ ಹೊರಟಂತಿಲ್ಲ!

ಕಣಜವು ಬಂದ ಕಡೆಗೆ ಅದನ್ನು ದೋಚುವವರೂ ಬಂದರು. ಕ್ಯೂಷೂವಿನ ಯೋಷಿನೋಗಾರಿ ಎಂಬ ಊರನ್ನು ಕಂದಕಗಳೂ ಮರದ ಬೇಲಿಗಳೂ ಸುತ್ತುವರಿದಿದ್ದವು. ಅಲ್ಲಿಯ ಗೋರಿಗಳಲ್ಲಿ ತಲೆಯಿಲ್ಲದ ಅಸ್ಥಿಪಂಜರವೂ ಸಿಕ್ಕಿದೆ. ಕ್ರಿ. ಶ. 239ರಲ್ಲಿ ಚೀನಾ ದೇಶಕ್ಕೆ ರಾಯಭಾರವನ್ನು ಕಳುಹಿಸಿದ ಹಿಮಿಕೊ ಎಂಬ ರಾಣಿಯ ಸೀಮೆಯಲ್ಲಿ ಕಂದಾಯವನ್ನು ಎತ್ತುತ್ತಿದ್ದರೆಂದೂ, ಅದಕ್ಕಾಗಿ ಉಗ್ರಾಣಗಳಿದ್ದವೆಂದೂ ಚೀನೀಯರು ಬರೆದಿಟ್ಟಿದ್ದಾರೆ. ಮುಂದಿನ ಮೂರು ನಾಲ್ಕು ಶತಮಾನಗಳ ಒಡೆಯರು ತಮಗಾಗಿ ಬೆಟ್ಟದಂತಹ ಗೋರಿಗಳನ್ನು ಕಟ್ಟಿಸಿಕೊಂಡರು. ಸಕಾಯಿ ಪಟ್ಟಣದಲ್ಲಿರುವ ದಾಯಿಸೆನ್ ಗೋರಿಯ ಉದ್ದವು 486 ಮೀಟರು. ಇಷ್ಟು ಮಣ್ಣನ್ನು ಹೊರಿಸಬಲ್ಲ ಒಡೆಯರಿಗೆ ಕೆರೆ ಕಟ್ಟಿಸುವುದು ಕಷ್ಟವಾಗಲಿಲ್ಲ. ಅದೇ ಸೀಮೆಯ ಸಯಾಮಾ ಕೆರೆಯ ಹಳೆಯ ತೂಬಿನ ಮರವು 616ನೆಯ ಇಸವಿಯಲ್ಲಿ ಕಡಿದುದೆಂದು ಮರದ ಉಂಗುರಗಳನ್ನೆಣಿಸಿ ನಿರ್ಧರಿಸಿದ್ದಾರೆ. ಈ ಕೆರೆಯನ್ನು 1202ರಲ್ಲಿ ದುರಸ್ತಿಮಾಡಿಸಿದ ಚೋಗೆನ್ ಎಂಬ ಬೌದ್ಧ ಭಿಕ್ಷುವು, ಪುರಾತನ ಒಡೆಯರ ಗೋರಿಗಳಲ್ಲಿದ್ದ ಕಲ್ಲಿನ ಶವಪೆಟ್ಟಿಗೆಗಳನ್ನು ತೆಗೆಸಿ ನೀರಿನ ಕೊಳವೆಗಳಾಗಿ ಹಾಕಿಸಿದನು. ಸತ್ತವರ ಪೆಟ್ಟಿಗೆಗಳು ಬದುಕಿರುವವರ ಗದ್ದೆಗೆ ನೀರನ್ನು ತಂದವು.

ಸರ್ಕಾರದ ಭೂಮಿ, ಮೂರು ತಲೆಮಾರಿನ ಭೂಮಿ, ಶಾಶ್ವತ ಭೂಮಿ

645ರಲ್ಲಿ ರಾಜಧಾನಿಯಲ್ಲಿ ಕ್ರಾಂತಿಯಾಗಿ, ಚೀನಾ ದೇಶದ ಮಾದರಿಯಂತೆ ಭೂಮಿಯೆಲ್ಲವೂ ಚಕ್ರವರ್ತಿಯದೆಂಬ ತತ್ತ್ವವು ಸಾರಲ್ಪಟ್ಟಿತು. 701ರ ತಾಯಿಹೋ ಶಾಸನಸಂಹಿತೆಯಿಂದ ಇದು ಪೂರ್ಣರೂಪವನ್ನು ಹೊಂದಿತು. ಆರು ವರ್ಷಗಳಿಗೊಮ್ಮೆ ಖಾನೇಷುಮಾರಿಯನ್ನು ನಡೆಯಿಸಿ, ಆರು ವರ್ಷ ಮೀರಿದ ಪ್ರತಿಯೊಬ್ಬ ಗಂಡಿಗೂ ಎರಡು ತಾನ್ ಗದ್ದೆಯನ್ನು, ಎಂದರೆ ಸುಮಾರು 23 ಗುಂಟೆಯನ್ನು, ಹೆಣ್ಣಿಗೆ ಅದರ ಮೂರರಲ್ಲಿ ಎರಡು ಪಾಲನ್ನು ಕೊಡುತ್ತಿದ್ದರು. ಹಿಡಿದವನು ಸತ್ತರೆ ಗದ್ದೆಯು ಸರ್ಕಾರಕ್ಕೆ ಹಿಂದಿರುಗಬೇಕು. ಭತ್ತದ ಕಂದಾಯವು ಬೆಳೆಯ ನೂರರಲ್ಲಿ ಮೂರರಷ್ಟೇ ಇದ್ದಿತು. ಇದನ್ನು ಓದಿದವರು ಆಹಾ ಎಂತಹ ಸುಭಿಕ್ಷವೆಂದಾರು. ಆದರೆ ಭಾರವು ಬೇರೆ ಕಡೆಯಿದ್ದಿತು. ಬಟ್ಟೆಯನ್ನೂ ಆಯಾ ಸೀಮೆಯ ಹುಟ್ಟುವಳಿಯನ್ನೂ ಒಪ್ಪಿಸಬೇಕು. ಅದನ್ನು ಒಕ್ಕಲಿಗರೇ ಹೊತ್ತು ರಾಜಧಾನಿಗೆ ಮುಟ್ಟಿಸಬೇಕು. ವರ್ಷಕ್ಕೆ ಅರವತ್ತು ದಿನಗಳವರೆಗೆ ಬಿಟ್ಟಿ ಕೆಲಸ. ಅದರ ಮೇಲೆ ಸೈನ್ಯದ ಸೇವೆ, ಅದೂ ತನ್ನ ಆಯುಧ ತನ್ನ ಬುತ್ತಿಯೊಡನೆ. ಹೊತ್ತುಹೋದವರಲ್ಲಿ ಹಿಂದಿರುಗುವಾಗ ಹಸಿವಿನಿಂದ ದಾರಿಯಲ್ಲಿಯೇ ಮಡಿದವರು ಅನೇಕರು. ಗದ್ದೆಯನ್ನು ತೊರೆದು ಓಡಿಹೋದವರ ಸಂಖ್ಯೆಯು ಹೆಚ್ಚುತ್ತ ಬಂದಿತು.

ಆಗ ಸರ್ಕಾರವು 723ರಲ್ಲಿ ಒಂದು ಕಾನೂನನ್ನು ಮಾಡಿತು. ಹೊಸದಾಗಿ ಕೆರೆಕಾಲುವೆಗಳನ್ನು ಮಾಡಿ ಬಂಜರನ್ನು ಗದ್ದೆಯಾಗಿಸಿದವನಿಗೆ ಮೂರು ತಲೆಮಾರುಗಳವರೆಗೆ ಆ ಭೂಮಿಯು ಸಲ್ಲುವುದು. ಹಳೆಯ ಕೆರೆಯ ನೀರನ್ನೇ ಬಳಸಿದವನಿಗೆ ಅವನ ಜೀವಮಾನದವರೆಗೆ ಮಾತ್ರ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇಪ್ಪತ್ತೇ ವರ್ಷಗಳಲ್ಲಿ, ಎಂದರೆ 743ರಲ್ಲಿ, ಚಕ್ರವರ್ತಿಯು ಇದನ್ನು ರದ್ದುಪಡಿಸಿ, ಹೊಸಗದ್ದೆಯು ಅದನ್ನು ಮಾಡಿದವನಿಗೆ ಶಾಶ್ವತವಾಗಿ ಸಲ್ಲುವುದೆಂದು ಆಜ್ಞೆಯನ್ನು ಹೊರಡಿಸಬೇಕಾಯಿತು. ಅವಧಿ ಮುಗಿದರೆ ಭೂಮಿಯು ಕೈಬಿಡುವುದೆಂದು ತಿಳಿದ ಒಕ್ಕಲಿಗರು ಉದಾಸೀನರಾಗುವರೆಂದೂ, ತೆರೆದ ಭೂಮಿಯು ಮತ್ತೆ ಬೀಳಾಗುವುದೆಂದೂ ಆ ಆಜ್ಞೆಯಲ್ಲಿಯೇ ಕಾರಣವನ್ನು ಹೇಳಿದೆ. ನಾಳೆ ಬಿಟ್ಟುಕೊಡಬೇಕಾದ ಗದ್ದೆಗೆ ಇಂದು ಗೊಬ್ಬರವನ್ನು ಹಾಕುವವರಾರು? ಈ ಆಜ್ಞೆಗೆ ಕೆಲವು ವರ್ಷಗಳ ಮುಂಚೆ, 735ರಿಂದ 737ರವರೆಗೆ, ಸಿಡುಬಿನ ಮಾರಿಯು ದೇಶವನ್ನು ಹಾಳುಮಾಡಿ, ಉಳುವವರಿಲ್ಲದ ಭೂಮಿಯು ಎಲ್ಲೆಲ್ಲಿಯೂ ಬಿದ್ದಿದ್ದಿತೆಂಬುದನ್ನೂ ನೆನಪಿನಲ್ಲಿಡಬೇಕು.

ನಮ್ಮ ದೇಶಕ್ಕೆ ಸಂಬಂಧಿಸಿದ ಚಿಕ್ಕ ಸಂಗತಿಯೊಂದನ್ನು ಇಲ್ಲಿ ಬಿಡಲಾಗದು. 799ರಲ್ಲಿ ಮಿಕಾವಾ ಸೀಮೆಯ ಕಡಲತೀರಕ್ಕೆ ಒಬ್ಬ ಪರದೇಶದವನು ದೋಣಿಯಲ್ಲಿ ತೇಲಿಬಂದನು. ಅವನು ಭಾಷೆಯನ್ನು ಕಲಿತ ಮೇಲೆ ತಾನು ಭರತಖಂಡದವನೆಂದು ಹೇಳಿದನು. ಅವನ ಬಳಿಯಲ್ಲಿ ಹತ್ತಿಯ ಬೀಜಗಳಿದ್ದವು. ಮರುವರ್ಷ ಅವುಗಳನ್ನು ದಕ್ಷಿಣದ ಸೀಮೆಗಳಿಗೆ ಹಂಚಿ, ಬೀಜವನ್ನು ರಾತ್ರಿ ನೆನೆಯಿಟ್ಟು ಬಿತ್ತಬೇಕೆಂದು ವಿಧಾನವನ್ನೂ ಬರೆದು ಕಳುಹಿಸಿದರು. ಬೆಳೆಯು ಅಲ್ಲಿ ನೆಲೆಗೊಳ್ಳಲಿಲ್ಲ. ಹತ್ತಿಯು ಜಪಾನಿನಲ್ಲಿ ಊರಿದುದು ಏಳು ಶತಮಾನಗಳ ಮೇಲೆಯೇ.

ಕೆರೆಗಳ ವಿಷಯಕ್ಕೆ ಬರೋಣ. ಷಿಕೋಕು ದ್ವೀಪದ ಸನೂಕಿ ಸೀಮೆಯು ಮಳೆ ಕಡಮೆಯಾದ ನಾಡು. ಅಲ್ಲಿ ಎಂಟನೆಯ ಶತಮಾನದ ಆದಿಯಲ್ಲಿ ಮನ್ನೋ ಎಂಬ ದೊಡ್ಡ ಕೆರೆಯನ್ನು ಕಟ್ಟಿದ್ದರು. ಅದರ ಏರಿಯು ಒಡೆದು, ಅಧಿಕಾರಿಗಳು ವರ್ಷಗಟ್ಟಲೆ ಪ್ರಯತ್ನಿಸಿದರೂ ಆಳುಗಳು ಸೇರದೆಹೋದಾಗ, 821ರಲ್ಲಿ ಅದೇ ನಾಡಿನಲ್ಲಿ ಹುಟ್ಟಿದ ಕೂಕಾಯಿ ಎಂಬ ಭಿಕ್ಷುವನ್ನು ಕರೆಯಿಸಿದರು. ಜನರು ಅವನನ್ನು ತಂದೆತಾಯಿಯಂತೆ ಕಾಣುತ್ತಿದ್ದುದರಿಂದ ತಾವಾಗಿಯೇ ಬಂದು ಕೂಡಿದರು. ಕೆಲವೇ ತಿಂಗಳುಗಳಲ್ಲಿ ಏರಿಯು ನಿಂತಿತು. ಈ ಮನ್ನೋ ಕೆರೆಯನ್ನು ವಾಚಕರು ಮರೆಯಬಾರದು; ಮುಂದೆ ಮತ್ತೆ ಅದರ ಪ್ರಸ್ತಾಪ ಬರುವುದು.

ಸಾಮುರಾಯಿಗಳ ಹುಟ್ಟು

ಶಾಶ್ವತವಾದ ಹಕ್ಕೆಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಭೂಮಿಯು ಉಳಿಯಲಿಲ್ಲ. ರಾಜಧಾನಿಯಿಂದ ಬರುವ ಸೀಮೆಯ ಅಧಿಕಾರಿಗಳು ನಾಲ್ಕಾರು ವರ್ಷಗಳ ಅವಧಿಯಲ್ಲಿ ಮನಬಂದಷ್ಟು ಸುಲಿದುಕೊಂಡು ಹೋಗುತ್ತಿದ್ದರು. 988ರಲ್ಲಿ ಓವಾರಿ ಸೀಮೆಯ ನಾಡಮುಖ್ಯಸ್ಥರೂ ಒಕ್ಕಲಿಗರೂ ಒಟ್ಟುಗೂಡಿ ಫುಜಿವಾರಾ ಮೋತೋನಾಗಾ ಎಂಬ ಅಧಿಕಾರಿಯ ಮೇಲೆ 31 ಕಲಮುಗಳ ದೂರನ್ನು ಚಕ್ರವರ್ತಿಯ ಆಸ್ಥಾನಕ್ಕೆ ಒಪ್ಪಿಸಿದರು. ನಿಗದಿಗಿಂತ ಹೆಚ್ಚು ವಸೂಲು, ಕೆರೆಕಾಲುವೆಗಳ ದುರಸ್ತಿಗೆ ಕೊಡಬೇಕಾದ ಭತ್ತವನ್ನು ಕೊಡದಿದ್ದುದು, ಅವನೊಡನೆ ಬಂದ ಬಂಧುಭೃತ್ಯರ ದೌರ್ಜನ್ಯ ಇವೆಲ್ಲವೂ ಅದರಲ್ಲಿ ಸೇರಿದ್ದವು. ಮರುವರ್ಷ ಅವನು ಪದಚ್ಯುತನಾದನು. ಆದರೆ ಎಲ್ಲ ಸೀಮೆಗಳವರಿಗೂ ಇಂತಹ ಐಕಮತ್ಯವೂ ಅದೃಷ್ಟವೂ ಇರಲಿಲ್ಲ.

ಆದುದರಿಂದ ಭೂಮಿಯನ್ನು ಸಾಗುವಳಿಗೆ ತಂದ ಬಲವಂತರು ಬೇರೆಯ ದಾರಿಯನ್ನು ಹಿಡಿದರು. ತಮ್ಮ ಭೂಮಿಯನ್ನು ರಾಜಧಾನಿಯ ಪ್ರಭುಗಳ ಅಥವಾ ದೊಡ್ಡ ದೇವಾಲಯಗಳ ಹೆಸರಿಗೆ ಒಪ್ಪಿಸಿ, ಅವರಿಗೆ ವರ್ಷವರ್ಷವೂ ಒಂದು ಪಾಲನ್ನು ಕೊಟ್ಟು, ತಾವೇ ಅದರ ಪಾರುಪತ್ಯಗಾರರಾಗಿ ಉಳಿದರು. ಪ್ರಭುವಿನ ಹೆಸರಿರುವ ಇಂತಹ ಷೋಎನ್ ಎಂಬ ಮಾನ್ಯದೊಳಕ್ಕೆ ಸೀಮೆಯ ಅಧಿಕಾರಿಯು ಕಾಲಿಡುವಂತಿರಲಿಲ್ಲ. ಎಷ್ಟೋ ಮಾನ್ಯಗಳಿಗೆ ಕಂದಾಯವೂ ಮಾಫಿ. ಅಲ್ಲದೆ ಸರ್ಕಾರವು 792ರಲ್ಲಿಯೇ ಹೆಚ್ಚಿನ ಸೀಮೆಗಳಲ್ಲಿ ಒಕ್ಕಲಿಗರ ಸೈನ್ಯವನ್ನು ನಿಲ್ಲಿಸಿ, ನಾಡಮುಖ್ಯಸ್ಥರ ಮಕ್ಕಳನ್ನು ಕಾವಲಿಗೆ ತೆಗೆದುಕೊಂಡಿದ್ದಿತು. ಕುದುರೆಯೂ ಬಿಲ್ಲೂ ಇದ್ದವರು ಈ ಮನೆತನಗಳವರೇ. ಎಲ್ಲೆಯ ತಗಾದೆ, ನೀರಿನ ತಗಾದೆ, ನೆರೆಯವನ ಆಕ್ರಮಣ ಇವುಗಳಿಗೆ ನ್ಯಾಯಾಧಿಪತಿಯು ಸಿಕ್ಕದ ಕಡೆ ಅವರು ಬಿಲ್ಲನ್ನೇ ನ್ಯಾಯಾಧಿಪತಿಯನ್ನಾಗಿ ಮಾಡಿಕೊಂಡರು. ಸಾಮುರಾಯಿಗಳ ವರ್ಗವು ಮುಖ್ಯವಾಗಿ ಬೆಳೆದುದು ಹೀಗೆ.

ಇವರನ್ನೆಲ್ಲ ಒಂದು ಧ್ವಜದ ಕೆಳಗೆ ತಂದವನು ಮಿನಾಮೋತೋ ಯೊರಿತೋಮೋ. 1180ರಿಂದ 1185ರವರೆಗೆ ನಡೆದ ಮಹಾಯುದ್ಧದಲ್ಲಿ ಪೂರ್ವದ ಸೀಮೆಯ ಭೂಹಿಡುವಳಿದಾರರು ಇವನ ಪಕ್ಷವನ್ನು ಹಿಡಿದುದಕ್ಕೆ ಮುಖ್ಯಕಾರಣವು ಅವನು ಬರೆದುಕೊಟ್ಟ ಪತ್ರಗಳು. ನಿನ್ನ ಪಿತ್ರಾರ್ಜಿತ ಭೂಮಿಯು ನಿನಗೇ ಸ್ಥಿರವೆಂದು ಅವನು ಪತ್ರವನ್ನು ಕೊಟ್ಟನು; ಅವರು ಪ್ರಾಣವನ್ನು ಕೊಟ್ಟರು. ಒಂದೇ ಸ್ಥಳಕ್ಕಾಗಿ ಪ್ರಾಣವನ್ನು ಪಣವಾಗಿಡುವುದು ಎಂಬ ಆ ಕಾಲದ ನುಡಿಯು ಇಂದಿಗೂ ಜಪಾನೀ ಭಾಷೆಯಲ್ಲಿ, ಮನಃಪೂರ್ವಕವಾಗಿ ದುಡಿಯುವುದು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಯೊರಿತೋಮೋ 1192ರಲ್ಲಿ ಷೋಗುನ್ ಎಂಬ ಸೇನಾಧಿಪತಿಯ ಪದವಿಯನ್ನು ಹೊಂದಿ ಕಾಮಾಕುರಾ ಎಂಬಲ್ಲಿಂದ ಆಳಿದನು. ಮಾನ್ಯಗಳ ಮೇಲೆ ಜಿತೋ ಎಂಬ ಮೇಲ್ವಿಚಾರಕರನ್ನು ತನ್ನ ಯೋಧರಿಂದಲೇ ನೇಮಿಸಿದನು. 1221ರಲ್ಲಿ ಚಕ್ರವರ್ತಿಯ ಪಕ್ಷವು ಯುದ್ಧದಲ್ಲಿ ಸೋತ ಮೇಲೆ ಹೊಸದಾಗಿ ನೇಮಕವಾದ ಜಿತೋಗಳಿಗೆ ಹನ್ನೊಂದು ಚೋ ಗದ್ದೆಗೆ ಒಂದು ಚೋ ಮತ್ತು ಪ್ರತಿ ತಾನ್ ಗದ್ದೆಗೆ ಐದು ಷೋ ಅಕ್ಕಿಯೆಂದು ರುಸುಮು ಗೊತ್ತಾಯಿತು. ಒಂದು ಚೋ ಎಂದರೆ ಹತ್ತು ತಾನ್.

ಕಾಮಾಕುರಾ ಸರ್ಕಾರದ ಹಿರಿಮೆಯು ಯುದ್ಧಕ್ಕಿಂತಲೂ ವ್ಯವಹಾರ ನಿರ್ಣಯದಲ್ಲಿ ಹೆಚ್ಚಾಗಿ ಕಾಣುತ್ತದೆಂಬುದು ಈ ಲೇಖಕನ ಅಭಿಪ್ರಾಯ. 1232ರ 51 ಕಲಮುಗಳ ಶಾಸನದಲ್ಲಿ, ಇಪ್ಪತ್ತು ವರ್ಷ ಭೂಮಿಯನ್ನು ಅನುಭವಿಸಿದವನನ್ನು ಹಳೆಯ ತಕರಾರುಗಳಿಂದ ಕದಲಿಸಕೂಡದೆಂದು ವಿಧಿಸಿದೆ. ಕಂದಾಯವನ್ನು ಸಲ್ಲಿಸಿದ ಒಕ್ಕಲಿಗನು ಇರುವುದೂ ಹೋಗುವುದೂ ಅವನ ಇಷ್ಟವೆಂದೂ, ಓಡಿಹೋದವನ ಹೆಂಡತಿಮಕ್ಕಳನ್ನು ಹಿಡಿಯಕೂಡದೆಂದೂ ಹೇಳಿದೆ. 1264ರಲ್ಲಿ, ಭತ್ತವನ್ನು ಕೊಯ್ದ ಗದ್ದೆಯಲ್ಲಿ ಎರಡನೆಯ ಬೆಳೆಯಾಗಿ ಬಿತ್ತಿದ ಗೋಧಿಯು ಒಕ್ಕಲಿಗನಿಗೇ ಸೇರಿದುದು, ಅದರ ಮೇಲೆ ಕಂದಾಯವನ್ನು ತೆಗೆಯಕೂಡದು ಎಂದು ಆಜ್ಞೆಯಾಯಿತು. ಎರಡು ಬೆಳೆಯ ಪದ್ಧತಿಯು ಪಶ್ಚಿಮದ ಸೀಮೆಗಳಲ್ಲಿ ಹರಡಿದುದಕ್ಕೆ ಇಂತಹ ರಿಯಾಯಿತಿಯೂ ಒಂದು ಕಾರಣವಾಗಿರಲೇಬೇಕು.

ಆದರೆ ರಕ್ಷಕನೇ ಭಕ್ಷಕನಾಗಲು ಹೆಚ್ಚು ಕಾಲವು ಹಿಡಿಯಲಿಲ್ಲ. 1275ರಲ್ಲಿ ಕೀ ಸೀಮೆಯ ಅತೇಗಾವಾ ಮಾನ್ಯದ ಒಕ್ಕಲಿಗರು ತಮ್ಮ ಜಿತೋವಿನ ಮೇಲೆ 13 ಕಲಮುಗಳ ದೂರನ್ನು ಬರೆದುಕೊಂಡರು. ಪಂಡಿತರ ಬರಹವನ್ನರಿಯದವರಾದುದರಿಂದ ಕತಕಾನಾ ಎಂಬ ಸುಲಭವಾದ ಅಕ್ಷರಗಳಲ್ಲಿಯೇ ತಮ್ಮ ಆಡುಮಾತಿನಲ್ಲಿ ಬರೆದಿದ್ದಾರೆ. ಮಾನ್ಯದ ಒಡೆಯನಿಗೆ ಸಲ್ಲಬೇಕಾದ ಮರವನ್ನು ಕಡಿಯಲು ಬೆಟ್ಟಕ್ಕೆ ಹೊರಟರೆ ಜಿತೋ ತನ್ನ ಕೆಲಸಕ್ಕೆ ಎಳೆದುಕೊಳ್ಳುವನೆಂದೂ, ಓಡಿಹೋದವರ ಹೊಲದಲ್ಲಿ ಗೋಧಿಯನ್ನು ಬಿತ್ತದಿದ್ದರೆ ಹೆಂಗಸರ ಕಿವಿಮೂಗುಗಳನ್ನು ಕತ್ತರಿಸುವುದಾಗಿ ಹೆದರಿಸುವನೆಂದೂ ಅದರಲ್ಲಿ ಹೇಳಿಕೊಂಡಿದ್ದಾರೆ. ಆ ಕಾಗದವು ಇಂದಿಗೂ ಉಳಿದಿದೆ. ವಕ್ರವಾದ ಅಕ್ಷರಗಳಲ್ಲಿ ಬರೆದ ಆ ಮೊರೆಯು ಎಷ್ಟೋ ರಾಜಶಾಸನಗಳಿಗಿಂತ ಬೆಲೆಯುಳ್ಳದ್ದು.

1274ರಲ್ಲಿಯೂ 1281ರಲ್ಲಿಯೂ ಮಂಗೋಲರು ದಂಡೆತ್ತಿ ಬಂದರು. ಯೋಧರು ಅವರನ್ನು ತಡೆದರು, ಬಿರುಗಾಳಿಯೂ ನೆರವಾಯಿತು. ಆದರೆ ಶತ್ರುವಿನಿಂದ ಗೆದ್ದ ಭೂಮಿಯಿಲ್ಲದುದರಿಂದ ಬಹುಮಾನವೂ ಇಲ್ಲ. ಮಕ್ಕಳೆಲ್ಲರಿಗೂ ಪಾಲುಮಾಡಿ ಹಿಡುವಳಿಗಳು ಚೂರುಚೂರಾಗಿದ್ದವು. ಸಾಲಕ್ಕೆ ಭೂಮಿಯು ಅಡಮಾನವಾಗಿದ್ದಿತು. 1297ರಲ್ಲಿ ಸರ್ಕಾರವು, ಯೋಧರು ಮಾರಿದ ಮತ್ತು ಅಡವಿಟ್ಟ ಭೂಮಿಯನ್ನು ಹಿಂದಕ್ಕೆ ಕೊಡಿಸುವ ಆಜ್ಞೆಯನ್ನು ಮಾಡಿತು. ಸಾಲಗಾರರು ಹಿಗ್ಗಿದುದು ಕೆಲವೇ ದಿನ. ಮುಂದೆ ಅವರಿಗೆ ಸಾಲವನ್ನು ಕೊಡುವವರೇ ಇಲ್ಲದಂತಾಗಿ, ಮರುವರ್ಷವೇ ಆಜ್ಞೆಯ ಕೆಲಭಾಗವನ್ನು ಹಿಂದೆಗೆದುಕೊಂಡರು. 1333ರಲ್ಲಿ ಕಾಮಾಕುರಾ ಬಿದ್ದುಹೋಯಿತು.

ಮುಂದಿನ ಎರಡೂವರೆ ಶತಮಾನಗಳ ಯುದ್ಧಗಳನ್ನು ವಿವರಿಸುವುದಕ್ಕೆ ಇಲ್ಲಿ ಎಡೆಯಿಲ್ಲ. ಮನ್ನೋ ಕೆರೆಯ ಕಥೆಯಿಂದಲೇ ಆ ಕಾಲವನ್ನು ಊಹಿಸಬಹುದು. ಆ ಕೆರೆಯ ಏರಿಯು 1184ರಲ್ಲಿ, ಎಂದರೆ ಯೊರಿತೋಮೋವಿನ ಯುದ್ಧದ ನಡುವೆಯೇ, ಒಡೆದುಹೋಯಿತು. ಅದನ್ನು ಸುಮಾರು 450 ವರ್ಷ ಯಾರೂ ಕಟ್ಟಲಿಲ್ಲ. ಕೆರೆಯಂಗಳದಲ್ಲಿ ಜನರು ಹೊಲಮನೆಗಳನ್ನು ಮಾಡಿಕೊಂಡು, ಕೆರೆಯೊಳಗಿನ ಹಳ್ಳಿ ಎಂಬ ಅರ್ಥದ ಹೆಸರಿನ ಗ್ರಾಮವೇ ಅಲ್ಲಿ ಬೆಳೆಯಿತು. ಆದರೂ ಇದೇ ಕಾಲದಲ್ಲಿ ಗ್ರಾಮಗಳು ತಮ್ಮ ತಮ್ಮೊಳಗೆ ಬಲಗೊಂಡವೆಂಬುದನ್ನು ಮರೆಯಲಾಗದು. ಊರಿನವರೇ ಸಭೆ ಸೇರಿ ನೀರಿನ ಸರದಿಗೂ ಕಾಡಿನ ಸೌದೆಗೂ ಕಟ್ಟಳೆಗಳನ್ನು ಬರೆದು, ತಪ್ಪಿದವರಿಗೆ ದಂಡವನ್ನು ವಿಧಿಸುತ್ತಿದ್ದರು. 1485ರಲ್ಲಿ ಯಾಮಾಷಿರೋ ಸೀಮೆಯ ಜನರು ತಮ್ಮ ಹೊಲಗಳಲ್ಲಿ ಹೊಡೆದಾಡುತ್ತಿದ್ದ ಎರಡು ಸೈನ್ಯಗಳನ್ನೂ ಹೊರಡಿಸಿ, ಎಂಟು ವರ್ಷ ತಮ್ಮ ನಾಡನ್ನು ತಾವೇ ಆಳಿಕೊಂಡರು.

ಪೈಮಾಯಿಷಿ ಮತ್ತು ಖಡ್ಗಹರಣ

ಈ ಅರಾಜಕತೆಯನ್ನು ಕೊನೆಗಾಣಿಸಿದವರಲ್ಲಿ ಮುಖ್ಯನಾದವನು ತೊಯೋತೊಮಿ ಹಿದೆಯೋಷಿ. ತಾನೇ ಬಡ ಒಕ್ಕಲು ಮನೆಯಲ್ಲಿ ಹುಟ್ಟಿದವನು. 1582ರಿಂದ 1598ರಲ್ಲಿ ಅವನು ಸಾಯುವವರೆಗೆ ದೇಶವನ್ನೆಲ್ಲ ಅಳೆಯಿಸಿದನು. ಅಳೆಯುವ ಕೋಲು ಒಂದೇ, ಅಕ್ಕಿಯ ಕೊಳಗ ಒಂದೇ. ಗದ್ದೆಗಳನ್ನು ತರಗಳಾಗಿ ವಿಂಗಡಿಸಿ, ಒಂದು ತಾನ್ ಉತ್ತಮ ಗದ್ದೆಗೆ ಒಂದೂವರೆ ಕೊಕು ಅಕ್ಕಿಯೆಂದು ಹುಟ್ಟುವಳಿಯನ್ನು ಗೊತ್ತುಮಾಡಿದನು. ಕೊಕು ಎಂದರೆ ಸುಮಾರು 180 ಲೀಟರು. ಒಬ್ಬ ಮನುಷ್ಯನ ಒಂದು ವರ್ಷದ ಊಟವೆಂದು ಲೆಕ್ಕ. ಒಂದು ಭೂಮಿಗೆ ಒಬ್ಬನೇ ಕುಳ, ಅವನೇ ಉಳುವವನು ಎಂದು ಬರೆಯಿಸಿದುದರಿಂದ, ಒಂದೇ ಗದ್ದೆಯ ಮೇಲೆ ಹತ್ತು ಜನರ ಪಾಲಿದ್ದ ಹಳೆಯ ಮಾನ್ಯಗಳು ಅಳಿದವು. ಅಳತೆಗೆ ಅಡ್ಡಬಂದ ಊರನ್ನು ಒಬ್ಬರೂ ಉಳಿಯದಂತೆ ಕಡಿದುಹಾಕಿರೆಂದು 1590ರಲ್ಲಿ ಅವನು ಬರೆದ ಪತ್ರವೂ ಇದೆ. 1588ರಲ್ಲಿ, ಬುದ್ಧನ ಮಹಾಪ್ರತಿಮೆಯ ಆಲಯಕ್ಕೆ ಮೊಳೆಗಳು ಬೇಕೆಂಬ ನೆವದಿಂದ, ಒಕ್ಕಲಿಗರಲ್ಲಿದ್ದ ಕತ್ತಿಕೋವಿಗಳನ್ನು ಕಿತ್ತುಕೊಂಡನು. ಗ್ರಾಮದಲ್ಲಿದ್ದ ಯೋಧನು ಈಗ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾಯಿತು: ಕತ್ತಿಯನ್ನಿಟ್ಟುಕೊಂಡು ಒಡೆಯನ ಕೋಟೆಯ ಪಟ್ಟಣಕ್ಕೆ ಹೋಗಿ ಅಕ್ಕಿಯ ಸಂಬಳಕ್ಕೆ ನಿಲ್ಲುವುದು, ಇಲ್ಲವೆ ಕತ್ತಿಯನ್ನು ಕೊಟ್ಟು ಭೂಮಿಯನ್ನು ಉಳಿಸಿಕೊಳ್ಳುವುದು. ಭೂಮಿಯನ್ನು ಆರಿಸಿಕೊಂಡ ಮನೆತನಗಳಲ್ಲಿ ಅನೇಕವು ಮುಂದೆ ಗ್ರಾಮದ ಮುಖ್ಯಸ್ಥರ ಮನೆತನಗಳಾದವು. ಬದುವಿನ ಮೇಲೆ ಹುಟ್ಟಿದ ಸಾಮುರಾಯಿಯು ಬದುವಿನಿಂದ ಬೇರೆಯಾದುದು ಇಲ್ಲಿಯೇ.

1603ರಲ್ಲಿ ಆರಂಭವಾದ ತೊಕುಗಾವಾ ಷೋಗುನರ ಆಳಿಕೆಯಲ್ಲಿ ಇನ್ನೂರೈವತ್ತು ವರ್ಷಗಳಿಗೆ ಮೇಲ್ಪಟ್ಟು ಶಾಂತಿಯಿದ್ದಿತು. 1628ರಲ್ಲಿ ನಿಷಿಜಿಮಾ ಹಾಚಿಬೇಯಿ ಎಂಬ ಅಧಿಕಾರಿಯು ಮನ್ನೋ ಕೆರೆಯ ಕೆಲಸವನ್ನು ಹಿಡಿದು 1631ರಲ್ಲಿ ಮುಗಿಸಿದನು. ಅದರ ಸಂರಕ್ಷಣೆಗೆಂದು ಕೆಲವು ಗ್ರಾಮಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟರು. ನಮ್ಮ ಶಿಲಾಶಾಸನಗಳಲ್ಲಿ ಕಾಣುವ ಕಟ್ಟುಕೊಡಗೆಯು ವಾಚಕರ ನೆನಪಿಗೆ ಬಾರದಿರದು. ದೇಶದ ಸಾಗುವಳಿ ಭೂಮಿಯು ಮೊದಲ ನೂರು ಚಿಲ್ಲರೆ ವರ್ಷಗಳಲ್ಲಿ ಇಮ್ಮಡಿಗೆ ಹತ್ತಿರವಾಯಿತು. ಸಾಮುರಾಯಿಯ ಸೇವೆಯನ್ನು ಬಿಟ್ಟು ನಲವತ್ತು ವರ್ಷ ಬೇಸಾಯ ಮಾಡಿದ ಮಿಯಾಜಾಕಿ ಯಾಸುಸಾದಾ ಎಂಬಾತನ ಕೃಷಿಗ್ರಂಥವು 1697ರಲ್ಲಿ ಅಚ್ಚಾಯಿತು. ಎಣ್ಣೆಯ ಹಿಂಡಿಯೂ ಒಣಮೀನೂ ಗೊಬ್ಬರಗಳಾಗಿ ಮಾರಾಟಕ್ಕೆ ಬಂದವು. ಬಾಚಣಿಗೆಯಂತಹ ಹಲ್ಲುಗಳಿಂದ ತೆನೆಯನ್ನು ಉದುರಿಸುವ ಒಕ್ಕಣೆಯ ಉಪಕರಣವು ಬಂದಾಗ, ಕೂಲಿಗೆ ಒಕ್ಕಣೆ ಮಾಡಿ ಜೀವಿಸುತ್ತಿದ್ದ ವಿಧವೆಯರು ಕೆಲಸವನ್ನು ಕಳೆದುಕೊಂಡರೆಂದು ಅದಕ್ಕೆ ವಿಧವೆಯರನ್ನು ಕೆಡಹುವುದು ಎಂಬ ಅಡ್ಡಹೆಸರು ಬಿದ್ದಿತು.

ಕಂದಾಯವು ಬೆಳೆಯ ನೂರರಲ್ಲಿ ನಲವತ್ತು ಐವತ್ತರವರೆಗೂ ಇದ್ದಿತು. ಅದನ್ನು ಒಕ್ಕಲಿಗನ ಮೇಲಲ್ಲ, ಇಡೀ ಗ್ರಾಮದ ಮೇಲೆ ಹಾಕುತ್ತಿದ್ದರು. ಒಬ್ಬನು ಕೊಡಲಾರದೆ ಹೋದರೆ ಉಳಿದವರು ತುಂಬಬೇಕು. ಪೂರ್ವದಲ್ಲಿ ನಾನುಷಿ, ಪಶ್ಚಿಮದಲ್ಲಿ ಷೋಯಾ ಎನ್ನಿಸಿಕೊಳ್ಳುತ್ತಿದ್ದ ಗ್ರಾಮಮುಖ್ಯಸ್ಥನು ಇದನ್ನು ಹಂಚಿ ವಸೂಲುಮಾಡಿ ಲೆಕ್ಕವನ್ನಿಡಬೇಕು. ಬರಗಾಲದಲ್ಲಿ ಅವನ ಸ್ಥಿತಿಯು ಅಡಕೊತ್ತಿನೊಳಗಿನ ಅಡಕೆಯಂತೆ. ಮೇಲಿನವರಿಗೆ ಅವನು ವಸೂಲುಗಾರ, ಕೆಳಗಿನವರಿಗೆ ಅವನೇ ವಕೀಲ. ಷಿಮೋಸಾ ಸೀಮೆಯ ಸಾಕುರಾ ಸೋಗೋರೋ ಎಂಬ ಮುಖ್ಯಸ್ಥನು ನಿಯಮವನ್ನು ಮೀರಿ ನೇರವಾಗಿ ಷೋಗುನನಿಗೇ ಅರ್ಜಿಯನ್ನು ಕೊಟ್ಟು, ಕಂದಾಯವನ್ನು ಇಳಿಸಿ, ತಾನು ಕುಟುಂಬದೊಡನೆ ಮರಣದಂಡನೆಯನ್ನು ಹೊಂದಿದನೆಂದು ಪ್ರಸಿದ್ಧವಾದ ಕಥೆಯಿದೆ. ದಾಖಲೆಗಳಲ್ಲಿ ಇದಕ್ಕೆ ಆಧಾರವು ಅಲ್ಪ. ಆದರೆ ಅವನಿಗೆ ಗುಡಿಯನ್ನು ಕಟ್ಟಿ ಪೂಜಿಸಿದ ಒಕ್ಕಲಿಗರ ಮನಸ್ಸು ಸುಳ್ಳಲ್ಲ. 1732ರಲ್ಲಿ ಜಿಗಿಹುಳುಗಳು ಪಶ್ಚಿಮದ ಗದ್ದೆಗಳನ್ನು ತಿಂದುಹಾಕಿದ ಬರದಲ್ಲಿ, ಇಯೋ ಸೀಮೆಯ ಸಾಕುಬೇಯಿ ಎಂಬ ರೈತನು ಬೀಜದ ಧಾನ್ಯದ ಚೀಲವನ್ನು ಮುಟ್ಟದೆ ಅದರ ಮೇಲೆಯೇ ತಲೆಯಿಟ್ಟು ಹಸಿವಿನಿಂದ ಸತ್ತನು. ಗದ್ದೆಯ ನೀರಿನ ಮೇಲೆ ತಿಮಿಂಗಿಲದ ಎಣ್ಣೆಯನ್ನು ಹನಿಸಿ ಆ ಹುಳುಗಳನ್ನು ಕೊಲ್ಲುವ ಕ್ರಮವು ಆಮೇಲೆ ವಿಶೇಷವಾಗಿ ಹರಡಿತು; ಓಕುರಾ ನಾಗಾತ್ಸುನೆ ಇದನ್ನು 1826ರ ತನ್ನ ಪುಸ್ತಕದಲ್ಲಿ ಚಿತ್ರಸಹಿತ ವಿವರಿಸಿದ್ದಾನೆ.

ಇತ್ತ ಪಟ್ಟಣದ ಸಾಮುರಾಯಿಯು ಯುದ್ಧವಿಲ್ಲದೆ ಗುಮಾಸ್ತೆಯಾದನು. ಅವನ ಸಂಬಳವು ಅಕ್ಕಿಯ ಲೆಕ್ಕದಲ್ಲಿ, ಖರ್ಚೆಲ್ಲ ಹಣದಲ್ಲಿ. ಅಕ್ಕಿಯ ಬೆಲೆಯು ಇಳಿದಾಗಲೆಲ್ಲ ಸಾಹುಕಾರನ ಬಾಗಿಲಿಗೆ ಹೋಗಬೇಕಾಗುತ್ತಿದ್ದಿತು. 1868ರಲ್ಲಿ ಷೋಗುನರ ಆಳಿಕೆಯು ಅಳಿದ ಮೇಲೆ, 1872ರಲ್ಲಿ ಭೂಮಿಯ ಕ್ರಯಕ್ಕಿದ್ದ ನಿಷೇಧವನ್ನು ತೆಗೆದು ಹಿಡುವಳಿದಾರರಿಗೆ ಹಕ್ಕುಪತ್ರಗಳನ್ನು ಕೊಡಲಾರಂಭಿಸಿದರು. 1873ರಲ್ಲಿ ಭೂಮಿಯ ಬೆಲೆಯ ನೂರಕ್ಕೆ ಮೂರರಂತೆ ನಗದು ಕಂದಾಯವು ಬಂದಿತು. ಒಕ್ಕಲಿಗರು ದಂಗೆಯೆದ್ದುದರಿಂದ 1877ರಲ್ಲಿ ಅದನ್ನು ಎರಡೂವರೆಗೆ ಇಳಿಸಿದರು. 1876ರಲ್ಲಿ ಸಾಮುರಾಯಿಗಳ ಸಂಬಳವೂ ಖಡ್ಗವನ್ನು ಧರಿಸುವ ಹಕ್ಕೂ ನಿಂತುಹೋದವು. ಮನ್ನೋ ಕೆರೆಯು 1854ರ ಭೂಕಂಪದ ನಂತರ ಮತ್ತೆ ಒಡೆದು, ಹದಿನಾರು ವರ್ಷ ಹಾಗೆಯೇ ಬಿದ್ದಿದ್ದಿತು. 1870ರಲ್ಲಿ ಪಕ್ಕದ ಬಂಡೆಯನ್ನೇ ಕೊರೆದು ತೂಬನ್ನು ಮಾಡಿ ಅದನ್ನು ಕಟ್ಟಿದರು. ಈಗಲೂ ಪ್ರತಿವರ್ಷ ಜೂನ್ ತಿಂಗಳ ಮಧ್ಯದಲ್ಲಿ, ನಾಟಿಯ ಕಾಲಕ್ಕೆ, ಅಚ್ಚುಕಟ್ಟಿನ ಜನರು ಏರಿಯ ಮೇಲೆ ಸೇರಿ ತೂಬನ್ನು ತೆಗೆಯುವ ಉತ್ಸವವನ್ನು ನಡೆಯಿಸುತ್ತಾರೆ.